ಖಾಜಾ ಸರ್ ನನಗೆ ಸೋತ ಆಟ

ಇಲ್ಲಿ ಬರೆಯುವುದರಲ್ಲಿ ಕೆಲವಾದರೂ ತಪ್ಪಿರಬಹುದು. ಅವತ್ತು ಗಾಳಿ ಇತ್ತೋ ಇಲ್ಲವೋ, ಕೋಚ್ ಖಾಜಾ ಸರ್ ತೊಟ್ಟಿದ್ದು ಬಿಳಿ ಅಂಗಿಯೋ ಬೂದು ಬಣ್ಣದ್ದೋ, ಕೊನೆಯ ಶಟಲ್ ನೆಟ್ಟಿಗೆ ಬಡಿಯಿತೋ ಗೆರೆಯಾಚೆ ಬಿತ್ತೋ, ಈಗ ನನಗೆ ಖಚಿತವಿಲ್ಲ. ದಿನಚರಿ ಬರೆಯುವ ಅಭ್ಯಾಸ ಕೆಲಸಕ್ಕೆ ಸೇರಿದ ಮೇಲೆ ಬಂದದ್ದು. ಆ ದಿನ ಅದಕ್ಕಿಂತ ಹಿಂದಿನದು. ನಾನು ಎಂ.ಎ.ಯಲ್ಲಿ ಇತಿಹಾಸ ಓದಿದವಳು. ಒಂದೇ ಬಾಯಿಯ ಸಾಕ್ಷಿಯನ್ನು, ಅದರಲ್ಲೂ ಲಾಭ ಪಡೆದವರ ಸಾಕ್ಷಿಯನ್ನು ನಂಬಬಾರದೆಂದು ನಮ್ಮ ಪ್ರಾಧ್ಯಾಪಕರು ಹೇಳುತ್ತಿದ್ದರು. ಆ ಆಟದಿಂದ ಲಾಭ ಪಡೆದವಳು ನಾನೇ.

ಇದನ್ನು ಈಗ ಬರೆಯಲು ಕಾರಣ ರೇಣುಕಾ. ಭಂಕೂರದ ಹುಡುಗಿ, ಶಹಾಬಾದಿನಲ್ಲಿ ನನ್ನ ಕೈಕೆಳಗೆ ಶಟಲ್ ಬ್ಯಾಡ್ಮಿಂಟನ್ ಕಲಿತಳು. ಮುಂದೆ ನಾವ್ಯಾರೂ ಊಹಿಸದ ಹಾಗೆ ಗಾಲ್ಫ್ ಕಡೆ ಹೊರಳಿ, ಈಗ ಪುಣೆ ಕಡೆಯ ಒಂದು ಕ್ಲಬ್ಬಿನಲ್ಲಿ ಸದಸ್ಯರಿಗೆ ಗಾಲ್ಫ್ ಕಲಿಸುತ್ತಾಳೆ. ಅದೇ ಅವಳ ವೃತ್ತಿ. ಮೊನ್ನೆ ಚಳಿಗಾಲದಲ್ಲಿ ಫೋನ್ ಮಾಡಿದಳು.

"ಮೇಡಂ, ಇಲ್ಲಿ ಮೆಂಬರ್ ಮಂದೀದು ತಂಡದ ಪಂದ್ಯ ಅದ. ಸುಮ್ನ ಖುಷೀಗಿ ಆಡೋದು. ನಮ್ಮ ತಂಡದಾಗ ನೀನೂ ಆಡು ಅಂತ ಒಬ್ಬರು ಗಂಟು ಬಿದ್ದಾರ. ಪಗಾರ ತಗೊಳ್ಳೋರು ಆಡಬಾರದು ಅಂತ ಇನ್ನೊಬ್ಬರು ಮಾರಿ ತಿರುವ್ಯಾರ. ಬರೋ ಐತಾರನೇ ಅದ. ಆಡ್ಲೋ ಬಿಡ್ಲೋ?"

ಒಂದು ವರ್ಷದ ಹಿಂದೆ ಕೇಳಿದ್ದರೆ ಕೈಯಲ್ಲಿದ್ದ ಚಹಾ ಕೆಳಗಿಡದೆ ಉತ್ತರ ಹೇಳುತ್ತಿದ್ದೆ. ಈಗ ಶನಿವಾರ ಹೇಳುತ್ತೇನೆಂದು ಫೋನ್ ಇಟ್ಟೆ. ನನ್ನ ಇಡೀ ವೃತ್ತಿ ನಿಂತಿದ್ದು ಅಂಥದೇ ಒಂದು ಆಟದ ಮೇಲೆ. ಪಗಾರ ಪಡೆಯುವ ಕೋಚನ್ನು, ಯಾರೂ ಅಲ್ಲದ ನಾನು, ಕ್ಲಬ್ಬಿನ ತಂಡದ ಪಂದ್ಯದಲ್ಲಿ ಸೋಲಿಸಿದ್ದೆ. ಹೋದ ಬೇಸಿಗೆಯಲ್ಲಿ ಆ ಗೆಲುವಿನ ಬಗ್ಗೆ ಒಂದು ಮಾತು ಕಿವಿಗೆ ಬಿತ್ತು. ಅಂದಿನಿಂದ ನಾನು ಗೆದ್ದೆನೋ, ನನ್ನನ್ನು ಗೆಲ್ಲಿಸಿದರೋ ಎಂಬುದು ತಿಳಿಯದೆ ಕೂತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಓದಿ ತಮ್ಮ ತೀರ್ಮಾನಕ್ಕೆ ಬರಲಿ.

ಮೊದಲು ನಮ್ಮ ಕಡೆಯ ಪದ್ಧತಿ ಹೇಳಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಊರುಗಳ ಕ್ಲಬ್ಬುಗಳು ವರ್ಷಕ್ಕೊಮ್ಮೆ ಒಂದರೊಡನೊಂದು ಆಡುತ್ತಿದ್ದವು. ಫ್ಯಾಕ್ಟರಿಯ ಫಿಟ್ಟರುಗಳು, ಬ್ಯಾಂಕಿನವರು, ಶಾಲೆಯ ಮಾಸ್ತರರು, ಅಂಗಡಿಯವರು. ಸದಸ್ಯರ ನಡುವೆ ನಾಲ್ಕು ಆಟ. ಐದನೆಯದು ಮೆಹಮಾನಿ ಆಟ. ಕೋಚ್ ಇಟ್ಟುಕೊಂಡ ಕ್ಲಬ್ಬು ಅದರಲ್ಲಿ ತನ್ನ ಕೋಚನ್ನು ಇಳಿಸಬಹುದು. ಆತ ತಂಡದವನಲ್ಲ, ಮೆಹಮಾನ, ಅಂದರೆ ಅತಿಥಿ. ಆದರೆ ಆತನ ಎದುರು ಯಾರು ನಿಲ್ಲಬೇಕೆಂಬುದನ್ನು ಎದುರಾಳಿ ಕ್ಯಾಪ್ಟನ್ ಆ ಕ್ಷಣದಲ್ಲೇ ತನ್ನ ಕಡೆಯ ಪ್ರೇಕ್ಷಕರಿಂದ ಕರೆಯುತ್ತಾನೆ.

ಕೋಚಿನ ಎದುರು ಒಳ್ಳೆಯ ಆಟಗಾರನನ್ನು ಯಾರು ವ್ಯರ್ಥ ಮಾಡುತ್ತಾರೆ? ಹೊಟ್ಟೆ ಬಂದ ಹೆಡ್‌ಕ್ಲರ್ಕನನ್ನೋ, ಹೊಸದಾಗಿ ಮದುವೆಯಾದ ಅಳಿಯನನ್ನೋ ಎಬ್ಬಿಸಿ ನಿಲ್ಲಿಸುತ್ತಿದ್ದರು. ಶಹಾಬಾದಿನ ಕೋಚ್ ಖಾಜಾ ಸರ್ ಅಂಥವರೊಡನೆ ಸ್ಟೂಲಿನ ಮೇಲೆ ಕೂತು ಆಡುತ್ತಿದ್ದರು, ಬೆನ್ನ ಹಿಂದಿನಿಂದ ಶಟಲ್ ಹೊಡೆಯುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ನಗುವಿನ ನಡುವೆ ಶಹಾಬಾದಿಗೆ ಒಂದು ಆಟ ಸಲೀಸಾಗಿ ದಕ್ಕಿರುತ್ತಿತ್ತು. ಕೋಚ್ ಇಲ್ಲದ ಕ್ಲಬ್ಬುಗಳು ಇದು ಅನ್ಯಾಯವೆಂದು ಪ್ರತಿ ವರ್ಷ ಜಗಳ ತೆಗೆಯುತ್ತಿದ್ದವು, ಪ್ರತಿ ವರ್ಷ ಮತ್ತೆ ಆಡುತ್ತಿದ್ದವು.

ನಮ್ಮ ಮನೆ ರಾವೂರದಲ್ಲಿ. ಅಪ್ಪ ಕಲ್ಲಿನ ಗಣಿಯಲ್ಲಿ ಮುಕದ್ದಮ, ಅಂದರೆ ಕೂಲಿಗಳ ಮೇಲ್ವಿಚಾರಕ. ಅಣ್ಣ ವಾಡಿಯಲ್ಲಿ ಫಿಟ್ಟರ್, ಅಲ್ಲಿನ ಕ್ಲಬ್ಬಿನ ಕ್ಯಾಪ್ಟನ್. ನಾನು ವಾಡಿಯಿಂದ ರೈಲಿನಲ್ಲಿ ಕಲಬುರಗಿಗೆ ಹೋಗಿ ಎಂ.ಎ. ಓದುತ್ತಿದ್ದೆ. ಮರಳಿ ಬಂದಾಗ ಕೋರ್ಟು ಖಾಲಿ ಇದ್ದರೆ ಅಣ್ಣ ನನ್ನನ್ನು ಆಡಿಸುತ್ತಿದ್ದ. ಕೋಚ್ ತರಬೇತಿಯ ಕೋರ್ಸಿಗೆ ಸೇರುತ್ತೇನೆಂದು ನಾನು ಹಟ ಹಿಡಿದಿದ್ದೆ. ಅಪ್ಪ ಚಿಂಚೋಳಿಯಲ್ಲೊಂದು ಸಂಬಂಧ ನೋಡಿದ್ದ. ಅಣ್ಣ ಎರಡೂ ಕಡೆ ತಲೆಯಾಡಿಸುತ್ತಿದ್ದ. ಆತನ ಸ್ವಭಾವವೇ ಅದು.

ವಾಡಿಯಲ್ಲಿ ಶಹಾಬಾದಿನ ಮೇಲೆ ಪಂದ್ಯ. ಎರಡು ಆಟ ಅವರು ಗೆದ್ದಿದ್ದರು, ಎರಡು ನಮ್ಮವರು. ಖಾಜಾ ಸರ್ ಮೆಹಮಾನಿ ಆಟಕ್ಕೆ ಇಳಿದರು. ಅಣ್ಣ ಪ್ರೇಕ್ಷಕರ ಕಡೆ ತಿರುಗಿ ನೋಡಿದ. ಹೆಡ್‌ಕ್ಲರ್ಕ್ ಆಗಲೇ ಅಂಗಿಯ ತೋಳು ಮಡಿಸುತ್ತಿದ್ದರು.

"ಸರೂ, ನೀ ಬಾ," ಅಂದ ಅಣ್ಣ, ನನ್ನ ಕಡೆ ನೋಡಿ.

ಜನ ನಕ್ಕರು. ಊರೆದುರು ನನ್ನನ್ನು ನಗೆಪಾಟಲು ಮಾಡಲು ಅಣ್ಣನಿಗೆ ಹೇಗೆ ಮನಸ್ಸು ಬಂತು? ಕೋರ್ಟಿನ ಅಂಚಿನಲ್ಲಿ, ಸೈಕಲ್ ಹಿಡಿದು, ಮೈಯೆಲ್ಲ ಕಲ್ಲಿನ ಧೂಳು ಮೆತ್ತಿಕೊಂಡು ಅಪ್ಪ ನಿಂತಿದ್ದ. ಆತ ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಅಣ್ಣನಿಗೆ ಗೊತ್ತಿತ್ತೇ? ಈ ಪ್ರಶ್ನೆಯೂ ಆಗ ಹೊಳೆದಿರಲಿಲ್ಲ.

ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತೆ. ಖಾಜಾ ಸರ್ ಸ್ಟೂಲು ತರಿಸಲಿಲ್ಲ. ಬೆನ್ನ ಹಿಂದಿನ ಹೊಡೆತ ಹೊಡೆಯಲಿಲ್ಲ. ಒಮ್ಮೆಯೂ ಜನರ ಕಡೆ ನೋಡಿ ನಗಲಿಲ್ಲ. ಆರಂಭದಲ್ಲಿ ನನ್ನನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಸುಸ್ತು ಮಾಡಿದರು. ಆಮೇಲೆ ನಾನು ಅವರ ಎಡ ಮೂಲೆಗೆ ಹೊಡೆಯತೊಡಗಿದೆ. ಅಲ್ಲಿಗೆ ಅವರು ತಡವಾಗಿ ಮುಟ್ಟುತ್ತಿದ್ದರು. ಹದಿನೈದರ ಆಟದಲ್ಲಿ ಹದಿಮೂರಕ್ಕೆ ಸರಿಸಮ ಬಂದೆವು. ನೆಟ್ಟಿನ ಹತ್ತಿರವೇ ಮೆಲ್ಲಗೆ ಬೀಳಿಸುವ ಅವರ ಎರಡು ಡ್ರಾಪ್ ಗೆರೆಯಾಚೆ ಬಿದ್ದವು. ಅಥವಾ ಒಂದು ಗೆರೆಯಾಚೆ, ಒಂದು ನೆಟ್ಟಿಗೆ. ನಾನು ಗೆದ್ದೆ. ಅವರು ಮೊಣಕಾಲಿಗೆ ಕೈಯೂರಿ ಬಾಗಿ ನಿಂತು ಉಸಿರು ಬಿಡುತ್ತಿದ್ದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಆ ಉಸಿರನ್ನೇ ಇಂದಿಗೂ ಹಿಡಿದುಕೊಂಡಿದ್ದೇನೆ. ಅಂಥ ಏದುಸಿರನ್ನು ನಟಿಸಲು ಬರುತ್ತದೆಯೇ?

ಅವತ್ತು ಸಂಜೆ ಅಪ್ಪ ಊಟಕ್ಕೆ ಕೂತು, ಯಾರ ಮುಖವನ್ನೂ ನೋಡದೆ ಅಂದ: "ಪಗಾರ ತಗೊಂಡು ಆಡೋ ಮನುಷ್ಯಾನ್ನ ಸೋಲಿಸ್ಯಾಳಂದ್ರ, ಈಕೀಗೂ ಪಗಾರ ಕೊಡೋರು ಯಾರಾದ್ರೂ ಇರ್ತಾರ. ಚಿಂಚೋಳಿಯವರಿಗಿ ಮುಂದಿನ ವರ್ಷ ನೋಡಮಂತ ಹೇಳ್ರಿ."

ಚಿಂಚೋಳಿಯವರ ಆ ಮುಂದಿನ ವರ್ಷ ಬರಲೇ ಇಲ್ಲ. ನಾನು ಕೋರ್ಸು ಮುಗಿಸಿ ಕೋಚ್ ಆದೆ. ಇನ್ನು ನಾನೇ ಮೆಹಮಾನ.

ಸೇಡಂ ಕಡೆಯ ಒಂದು ಕಾಲೋನಿ ಕ್ಲಬ್ಬು ನನ್ನ ಮೊದಲ ಕೆಲಸದ ಜಾಗ. ಮೊದಲ ಮೆಹಮಾನಿ ಆಟಕ್ಕೆ ಎದುರು ತಂಡದವರು ತಮ್ಮ ಫ್ಯಾಕ್ಟರಿಯ ದೊಡ್ಡ ಸಾಹೇಬರನ್ನೇ ಕರೆದರು. ನಮ್ಮ ಕ್ಲಬ್ಬಿನ ಕಾರ್ಯದರ್ಶಿ ನನ್ನ ಹತ್ತಿರ ಬಂದು, ನೆಟ್ಟಿನ ಹಗ್ಗ ಸರಿಮಾಡುವವರ ಹಾಗೆ ಬಾಗಿ, "ಮೇಡಂ, ಸಾಹೇಬ್ರು ನಕ್ಕೋತ ಮನೀಗಿ ಹೋಗಬೇಕು. ಮುಂದಿಂದು ನಿಮಗ ಗೊತ್ತದ," ಅಂದರು. ನಾನು ದಂಗಾದೆ. ಸೋಲುವುದೂ ಕೆಲಸದ ಭಾಗವೆಂದು ನನಗೆ ಯಾವ ಕೋರ್ಸಿನಲ್ಲೂ ಹೇಳಿರಲಿಲ್ಲ. ಸಿಟ್ಟಿನಿಂದ ಪೂರ್ತಿ ಬಲ ಹಾಕಿ ಆಡಿದೆ. ಸಾಹೇಬರ ಕೈಗೆ ಸಿಕ್ಕಿದ್ದು ಒಂದೋ ಎರಡೋ ಅಂಕ. ಆದರೂ ಅವರು ನಿಜವಾಗಿಯೇ ನಗುತ್ತ ಕೈ ಕುಲುಕಿದರು. ಕಾರ್ಯದರ್ಶಿಯ ಪೆಚ್ಚುಮುಖ ನೋಡಿ ನಾನು ಗೆದ್ದೆನೆಂದುಕೊಂಡೆ.

ಆ ಸಾಹೇಬರ ಮಗಳು ನಮ್ಮಲ್ಲಿಗೆ ಕಲಿಯಲು ಬರುತ್ತಿದ್ದಳು. ಅಷ್ಟು ಚುರುಕು ಮಣಿಕಟ್ಟು ನಾನು ಮತ್ತೆ ಕಂಡಿಲ್ಲ. ಮರುವಾರದಿಂದ ಅವಳು ಬರಲಿಲ್ಲ. ಸಾಹೇಬರೇ ಬಿಡಿಸಿರಬೇಕೆಂದು ಊರೆಲ್ಲ ಬೈದುಕೊಂಡಿತು. ತಿಂಗಳುಗಳ ಮೇಲೆ ಅವಳ ತಾಯಿ ಸಿಕ್ಕಾಗ ನಿಜ ತಿಳಿಯಿತು. ತಂದೆ ದಿನವೂ ಹೋಗೆಂದು ಹೇಳುತ್ತಿದ್ದರಂತೆ. ಜನ ಅಪ್ಪನನ್ನು ನೋಡಿ ನಕ್ಕದ್ದನ್ನು ಕಂಡ ಮಗಳೇ ಆ ಕೋರ್ಟಿಗೆ ಕಾಲಿಡಲು ಒಲ್ಲೆನೆಂದಿದ್ದಳು. ಆಡುವಾಗ ನನ್ನ ಕಣ್ಣಿಗೆ ಕಾರ್ಯದರ್ಶಿ ಕಂಡಿದ್ದರು, ಸಾಹೇಬರು ಕಂಡಿದ್ದರು. ಗೆರೆಯ ಪಕ್ಕ ಕೂತ ಆ ಹುಡುಗಿ ಕಂಡಿರಲಿಲ್ಲ.

ಚಿತ್ತಾಪುರಕ್ಕೆ ಹೋದಾಗ ಈ ತಪ್ಪು ಮತ್ತೆ ಆಗಬಾರದೆಂದುಕೊಂಡಿದ್ದೆ. ಅಲ್ಲಿ ಊರಿನ ಎರಡು ಕ್ಲಬ್ಬುಗಳಿಗೂ ನಾನೇ ಕಲಿಸುತ್ತಿದ್ದೆ. ಒಂದರ ಪರವಾಗಿ ಮೆಹಮಾನಿ ಆಟಕ್ಕೆ ಇಳಿದಾಗ ಎದುರು ನಿಂತವರು ಇನ್ನೊಂದರ ಸದಸ್ಯೆ, ಬ್ಯಾಂಕಿನ ಶೈಲಜಾ, ದಿನವೂ ಬೆಳಿಗ್ಗೆ ನನ್ನ ಹತ್ತಿರ ಕಲಿಯುತ್ತಿದ್ದವರು. ಚೆನ್ನಾಗಿ ಸೋಲುವುದಕ್ಕೂ ಒಂದು ವಿಧಾನವಿದೆ. ಸುಲಭದ ಶಟಲ್ ಬಿಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಕಷ್ಟದ ಹೊಡೆತವನ್ನೇ ಆಯ್ದುಕೊಂಡು, ಗೆರೆಗೆ ಗುರಿಯಿಟ್ಟು, ಎರಡು ಬೆರಳಷ್ಟು ಆಚೆ ಬೀಳಿಸಬೇಕು. ಹಾಗೇ ಮಾಡಿದೆ. ಚಪ್ಪಾಳೆ ಬಿತ್ತು. ಶೈಲಜಾ ನೆಟ್ಟಿನ ಹತ್ತಿರ ಬಂದರು, ಕೈ ಚಾಚಲಿಲ್ಲ.

"ಮೇಡಂ, ನಾ ಸೋತು ಮನೀಗಿ ಹೋಗೋಳಿದ್ದೆ. ನೀವು ಅದನ್ನೂ ಕಸಗೊಂಡ್ರಿ."

ನಾನು ಏನೋ ಸಮಜಾಯಿಷಿ ಹೇಳಿದೆ. "ನಿಮ್ಮ ಡ್ರಾಪ್ ದಿನಾ ಮುಂಜಾನೆ ನೋಡ್ತೀನ್ರಿ," ಅಂದರು ಅವರು, "ಅದು ಒಂದೇ ಆಟದಾಗ ಮೂರು ಸಲ ಹೊರಗ ಬೀಳಂಗಿಲ್ಲ."

ಸೇಡಂನಲ್ಲಿ ಪಡೆದ ಪೆಟ್ಟಿಗಿಂತ ಇದು ದೊಡ್ಡದು. ಆಗ ನನಗೊಂದು ಮಾತು ಹೊಳೆಯಿತು. ಶಿಷ್ಯರಿಗೆಲ್ಲ ಹೇಳುತ್ತ ಬಂದೆ. ಪಗಾರದವರು ಕ್ಲಬ್ಬಿನವರ ಜೊತೆ ಆಡಬಾರದು. ಗೆದ್ದರೆ ಎದುರಿನವರಿಗೆ ಅವಮಾನ. ಸೋತರೆ ಎದುರಿನವರಿಗೆ ಅನುಮಾನ. ಆ ಅನುಮಾನ ನನಗೂ ಅನ್ವಯಿಸಬಹುದೆಂದು ಆಗ ಒಂದು ಸಲವೂ ತೋಚಲಿಲ್ಲವಲ್ಲ, ಅದು ಇವತ್ತಿಗೂ ಸೋಜಿಗ. ಶೈಲಜಾ ನನ್ನ ಕೈ ಬಲ್ಲವರು. ನಾನು ಖಾಜಾ ಸರ್ ಎದುರು ವಾಡಿಯ ಆಟಕ್ಕೆ ಮೊದಲು ನಿಂತವಳೇ ಅಲ್ಲ. ಅವರ ಡ್ರಾಪ್ ಎಷ್ಟು ಸಲ ಹೊರಗೆ ಬೀಳುತ್ತದೆಂದು ನನಗೇನು ಗೊತ್ತಿತ್ತು?

ಒಂದೇ ಒಂದು ಸಲ ಮೆಹಮಾನಿ ಆಟದಿಂದ ಎಲ್ಲರೂ ಖುಷಿಯಾಗಿ ಮನೆಗೆ ಹೋದದ್ದುಂಟು. ಚಿಂಚೋಳಿಯ ಬೇಸಿಗೆ ಶಿಬಿರದ ಕೊನೆಗೆ ಸುಲೇಪೇಟದಲ್ಲಿ ಪಂದ್ಯ ಇಟ್ಟಿದ್ದರು. ಸುಣ್ಣದ ಗೆರೆ, ಬಯಲು ಗಾಳಿ. ಹೊಡೆದ ಶಟಲ್ ಹೊಡೆದವರ ತಲೆಯ ಮೇಲೇ ಬಂದು ಬೀಳುತ್ತಿತ್ತು. ನನ್ನೆದುರು ಒಬ್ಬ ತೊಗರಿ ವ್ಯಾಪಾರಿಯನ್ನು ನಿಲ್ಲಿಸಿದರು. ಅವರು ಎಲ್ಲರಿಗೂ ಕೇಳುವ ಹಾಗೆ, "ಮೇಡಂ, ನಿಮಗ ಹೆದರಂಗಿಲ್ಲ. ನಮ್ಮ ಮನಿಯಾಕಿ ನೋಡಲಿಕತ್ತಾಳ, ಆಕೀಗಿ ಹೆದರ್ತೀನಿ. ಜರಾ ಎಡಗೈಲೆ ಆಡ್ರಿ," ಅಂದರು. ಎಡಗೈಯಲ್ಲಿ ಜೀವ ಬಿಟ್ಟು ಆಡಿದೆ, ಸೋತೆ. ಅವರು ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಿ, ಮೇಡಂ ಎಡಗೈಯನ್ನು ಸೋಲಿಸಿದವ ತಾನೊಬ್ಬನೇ ಎಂದು ಊರು ತುಂಬ ಹೇಳಿಕೊಂಡು ಬಂದರಂತೆ. ಎಲ್ಲರ ಕಣ್ಣೆದುರು ಕೊಟ್ಟ ರಿಯಾಯಿತಿ ಯಾರನ್ನೂ ಚುಚ್ಚಲಿಲ್ಲ. ಗುಟ್ಟಾಗಿ ಕೊಟ್ಟದ್ದು ಹಾಗಲ್ಲ.

ನನ್ನ ಕಾಲದಲ್ಲೇ ಆಟ ಬಹಳ ಬದಲಾಯಿತು. ಮೊದಲು ಸರ್ವೀಸ್ ಮಾಡಿದವರಿಗಷ್ಟೇ ಅಂಕ. ಬಲಿಷ್ಠನಾದವನು ಅಂಕ ಬಿಟ್ಟುಕೊಡದೆ ಸರ್ವೀಸ್ ಮಾತ್ರ ಬಿಟ್ಟುಕೊಟ್ಟು, ದುರ್ಬಲನನ್ನು ಎಷ್ಟು ಹೊತ್ತಾದರೂ ಆಟದಲ್ಲಿ ಉಳಿಸಿಕೊಳ್ಳಬಹುದಿತ್ತು. ಈಗ ಪ್ರತಿ ತಪ್ಪಿಗೂ ಅಂಕ. ಬಯಲಿನ ಕೋರ್ಟುಗಳು ಒಳಾಂಗಣಕ್ಕೆ ಹೋದವು, ಗಾಳಿಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್. ಸಂಜೆಗೆ ನಿಧಾನಗತಿಯಲ್ಲಿ ಓಡಿಸಿ ನೋಡುತ್ತಾರೆ. ಇಂದು ಗುಟ್ಟಾಗಿ ಸೋಲುವುದು ಕಷ್ಟ. ನಮ್ಮ ವಾಡಿಯ ಆಟವನ್ನು ಯಾರೂ ಹಿಡಿದಿಟ್ಟಿಲ್ಲ. ಅದು ಇರುವುದು ಖಾಜಾ ಸರ್, ಅಣ್ಣ, ನಾನು, ಈ ಮೂವರ ತಲೆಯಲ್ಲಿ ಮಾತ್ರ.

ಹೋದ ಬೇಸಿಗೆಯಲ್ಲಿ ಖಾಜಾ ಸರ್ ಬಿದ್ದು ಸೊಂಟ ನೋಯಿಸಿಕೊಂಡಿದ್ದಾರೆಂದು ಕೇಳಿ ಶಹಾಬಾದಿಗೆ ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಹಳೆಯ ಮಾತು ನಡೆದಿತ್ತು. ಕಲಿಸುವುದರಲ್ಲಿ ಬಹಳ ಕಷ್ಟದ್ದು ಯಾವುದೆಂದು ನಾನೇ ಕೇಳಿದೆ. ಅವರು ಸ್ಮ್ಯಾಷ್ ಅನ್ನುತ್ತಾರೆ, ಪಾದದ ಚಲನೆ ಅನ್ನುತ್ತಾರೆ ಅಂದುಕೊಂಡಿದ್ದೆ.

"ಎದುರಿನವರಿಗಿ ಗೊತ್ತಾಗಲಾರ್ದಂಗ ಸೋಲೋದು," ಅಂದರು. "ಅದನ್ನ ನಾ ಯಾರಿಗೂ ಕಲಸಲಿಲ್ಲ ನೋಡ್ರಿ."

ನಾನು ನಗಲು ಹೊರಟೆ. ಅಷ್ಟರಲ್ಲಿ ಅವರು ಮುಂದುವರಿಸಿದರು: "ನಿಮ್ಮಣ್ಣ ಭಾಳ ಛಲೋ ಮನುಷ್ಯ. ವಾಡಿ ಆಟದ ಹಿಂದಿನ ದಿನ ಮನೀಗಿ ಬಂದಿದ್ದ."

ಶಹಾಬಾದಿನ ಕೋಚಿನ ಮನೆಗೆ, ಪಂದ್ಯದ ಹಿಂದಿನ ದಿನ, ವಾಡಿಯ ಕ್ಯಾಪ್ಟನ್! ಯಾಕೆ ಬಂದಿದ್ದ ಎಂದು ಕೇಳಿದೆ. "ಬಂದಿದ್ದ," ಅಂದರು, "ಇಲ್ಲೇ ಕುಂತಿದ್ದ. ಚಹಾ ಕುಡೀಲಿಲ್ಲ." ಮತ್ತೆ ಕೇಳಿದೆ. ಅವರ ಕಣ್ಣು ಬಾಗಿಲ ಕಡೆ ಹೋಯಿತು. ನನ್ನನ್ನು ತಮ್ಮ ಮಗಳ ಹೆಸರಿನಿಂದ ಕರೆದು, ಮಾತ್ರೆ ತಗೊಂಡೆಯಾ ಎಂದು ಕೇಳಿದರು. ಅವರಿಗೆ ಮರೆವು ಹಿಡಿದಿದೆಯೆಂದು ಮಗಳು ಒಳಗಿನಿಂದ ಬಂದು ಮೆಲ್ಲಗೆ ಹೇಳಿದಳು. ಮುಂದೆ ಎರಡು ಸಲ ಹೋದೆ; ಒಮ್ಮೆ ನನ್ನ ಗುರುತೇ ಹತ್ತಲಿಲ್ಲ, ಇನ್ನೊಮ್ಮೆ ಹತ್ತಿತು, ಆದರೆ ವಾಡಿಯಲ್ಲಿ ತಾವು ಎಂದೂ ಆಡಿಯೇ ಇಲ್ಲ ಅಂದರು.

ಯಾವ ಖಾಜಾ ಸರ್ ಮಾತನ್ನು ನಂಬಲಿ? ಅಪ್ಪ ಅವತ್ತು ಕಂಡದ್ದು ಏನನ್ನು? ನಾನು ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ, "ಹೆದರಬ್ಯಾಡ್ರಿ, ನಾನೂ ಬರಿಗಾಲಿನಾಗ ಒಬ್ಬ ಕೋಚನ್ನ ಸೋಲಿಸೀನಿ," ಎಂದು ಹೇಳಿದ ಮಾತಿನ ಗತಿಯೇನು?

ಇಷ್ಟೆಲ್ಲ ಎದೆಯಲ್ಲಿಟ್ಟುಕೊಂಡು ಶನಿವಾರ ರೇಣುಕಾಗೆ ಫೋನ್ ಮಾಡಿದೆ. ಆಡಬೇಡ ಅಂದೆ. ಅವಮಾನ, ಅನುಮಾನದ ಮಾತು ಹೇಳಿದೆ. ಖಾಜಾ ಸರ್ ಹೇಳಿದ್ದನ್ನೂ, ಮೊದಲ ಸಲ ಒಬ್ಬರಿಗೆ, ಹೇಳಿಬಿಟ್ಟೆ.

"ಮೇಡಂ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಅಂದಳು. "ಪಗಾರದೋರು ಆಡಬಾರದು ಅಂತ ಅವತ್ತು ಖಾಜಾ ಸರ್ ಹೊರಗ ಕುಂತಿದ್ರ, ನೀವು ಚಿಂಚೋಳ್ಯಾಗ ಇರ್ತಿದ್ರಿ. ನಾ ಭಂಕೂರದಾಗ ಕಲ್ಲು ಹೊರತಿದ್ದೆ."

ನನ್ನದೇ ಸೂತ್ರವನ್ನು ನನ್ನ ಮೇಲೇ ಇಟ್ಟು ಅಳೆದು ನೋಡಿದವಳು ಅವಳೊಬ್ಬಳೇ. ಭಾನುವಾರ ಅವಳು ಆಡಿದಳು. ಗೆದ್ದಳೋ ಸೋತಳೋ ನಾನು ಕೇಳಲಿಲ್ಲ. ಯಾವ ಉತ್ತರ ಬಂದರೂ ಅದನ್ನು ಹೇಗೆ ತೂಗಬೇಕೆಂದು ನನಗೆ ಗೊತ್ತಿರಲಿಲ್ಲ.

ಮರುದಿನವೇ ವಾಡಿಗೆ ಹೋದೆ. ಅಣ್ಣ ಬಿಸಿಲಿಗೆ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದ. ನಾನೂ ಎದುರು ಕೂತು ಸುಲಿಯತೊಡಗಿದೆ. ನಿವೃತ್ತಿಯ ಮೇಲೆ ನಾನು ದಪ್ಪಗಾಗಿದ್ದೇನೆ, ಈಗ ಹೆಡ್‌ಕ್ಲರ್ಕೂ ನನ್ನನ್ನು ಸೋಲಿಸುತ್ತಾನೆ ಎಂದು ಚಾಷ್ಟಿ ಮಾಡಿ ನಕ್ಕ. ನಾನು ಖಾಜಾ ಸರ್ ಹೆಸರು ತೆಗೆದೆ. ಆಟ ನೆನಪಿದೆಯಾ ಅಂದರೆ ನೆನಪಿದೆ ಅಂದ. ಅಪ್ಪ ಬರುತ್ತಾನೆಂದು ಗೊತ್ತಿತ್ತಾ ಅಂದರೆ, ತಾನೇ ಬರಹೇಳಿದ್ದೆ ಅಂದ, ತಲೆ ಎತ್ತದೆ. ಇಷ್ಟು ವರ್ಷ ಅದನ್ನೂ ಹೇಳಿರಲಿಲ್ಲ. ಇನ್ನೊಂದು ಪ್ರಶ್ನೆ ಉಳಿದಿತ್ತು. ಉತ್ತರ ಎರಡರಲ್ಲಿ ಯಾವುದಾದರೂ ಆಗಬಹುದಿತ್ತು. ಒಂದರಲ್ಲಿ ನಾನು ಗೆದ್ದಿದ್ದೆ, ಇನ್ನೊಂದರಲ್ಲಿ ಇಲ್ಲ. ಕೇಳಿದೆ. ಅಣ್ಣ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದ, ಎದ್ದ, ತನ್ನ ಹೆಂಡತಿ, ನನ್ನ ವೈನಿ, ಕರೆಯದಿದ್ದರೂ ಬಂದೆ ಬಂದೆ ಎನ್ನುತ್ತ ಒಳಗೆ ಹೋದ.

ಆ ಮೇಲೆ ಹಲವು ಸಲ ಫೋನ್ ಮಾಡಿದ್ದಾನೆ. ತೊಗರಿ ಕಳಿಸಲೇ ಎಂದು ಕೇಳುತ್ತಾನೆ, ಮೊಣಕಾಲು ನೋವು ಹೇಗಿದೆ ಎನ್ನುತ್ತಾನೆ. ನಾನು ಅವತ್ತು ಕೇಳಿದ್ದು ಇಷ್ಟೇ:

"ಅಣ್ಣಾ, ಖಾಜಾ ಸರ್ ಮನೀಗಿ ನೀ ಹೋಗಿದ್ದು ನನ್ನ ತಂಗೀಗಿ ಸೋಲ್ರಿ ಅಂತ ಕೇಳ್ಕೊಳ್ಳಲಿಕ್ಕೋ, ಆಕೀ ಜೋಡಿ ಚಾಷ್ಟಿ ಮಾಡಬ್ಯಾಡ್ರಿ, ಖರೇ ಆಟ ಆಡ್ರಿ ಅಂತ ಹೇಳಲಿಕ್ಕೋ?"